ಚಿಕ್ಕಮಾದಯ್ಯನವರ ಒಂದೇ ಅಂಗಡಿಯ ಪುಸ್ತಕ

ರಾಮಕೃಷ್ಣನಗರದ ಚಿಕ್ಕಮಾದಯ್ಯನವರು ಮೂವತ್ತನಾಲ್ಕು ವರ್ಷ ವಿದ್ಯುತ್ ಇಲಾಖೆಯಲ್ಲಿ ದುಡಿದು, ಎರಡು ಕೈ, ಎರಡು ಕಾಲು ಮತ್ತು ಹತ್ತೂ ಬೆರಳುಗಳ ಸಮೇತ ನಿವೃತ್ತರಾದವರು. ಲೈನ್‌ಮನ್‌ಗಳ ಪೈಕಿ ಇದೊಂದು ಅಪರೂಪದ ಸಾಧನೆ ಎಂದು ಬೀಳ್ಕೊಡುಗೆ ಸಭೆಯಲ್ಲಿ ಹಿರಿಯರೊಬ್ಬರು ಭಾಷಣ ಮಾಡಿದ್ದರು. ಮೈಕು ಹಿಡಿದಿದ್ದ ಅವರ ಕೈಯಲ್ಲಿ ಮೂರೇ ಬೆರಳಿದ್ದುದರಿಂದ ಯಾರೂ ನಗಲಿಲ್ಲ.

ನಿವೃತ್ತರಾದವರು ಬೆಳಿಗ್ಗೆ ಎದ್ದು ವಾಕಿಂಗ್ ಹೋಗುತ್ತಾರೆ, ಮೊಸರಿನ ಗುಣಮಟ್ಟ ಕುಸಿದ ಬಗ್ಗೆ ಪತ್ರಿಕೆಗೆ ಕಾಗದ ಬರೆಯುತ್ತಾರೆ. ಚಿಕ್ಕಮಾದಯ್ಯನವರು ಅದೆಲ್ಲ ಬಿಟ್ಟು ಪುಸ್ತಕವನ್ನೇ ಬರೆದರು. ಹೆಸರು ‘ಕಂಬದಿಂದ ಇಳಿಯದವರು’. ತಮ್ಮ ಜೊತೆ ಕೆಲಸ ಮಾಡುತ್ತಲೇ ಕರೆಂಟು ಹೊಡೆದು ಸತ್ತ ಐದು ಜನರ ಕಥೆ. ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ. ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಅವರು ಬರೆದದ್ದನ್ನು, ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವ ಮಗಳು ನಯನಾ ಸಂಜೆ ಬಂದು ಟೈಪ್ ಮಾಡುತ್ತಿದ್ದಳು. ಮೂರನೇ ಅಧ್ಯಾಯದ ಮಧ್ಯದಲ್ಲಿ ಅವಳ ಬೆರಳು ನಿಂತಿತು.

“ಅಪ್ಪ, ಇದು ನಿಜವಾ?” ಎಂದು ಕೇಳಿದಳು.

“ಟೈಪ್ ಮಾಡು,” ಎಂದರು ಚಿಕ್ಕಮಾದಯ್ಯ.

ಮೂರನೇ ಅಧ್ಯಾಯ ಮೂಗಯ್ಯನದು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೂಗಯ್ಯ ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್‌ಗೆ ಫೋನು ಮಾಡಿ, ಲೈನು ಆಫ್ ಮಾಡಿಸಿ, ಅನುಮತಿ ಪಡೆದಿದ್ದ. ಆವತ್ತು ಸ್ಟೇಷನ್ನಿನಲ್ಲಿ ಕೂತು ಅನುಮತಿ ಕೊಟ್ಟವರು ಚಿಕ್ಕಮಾದಯ್ಯ. ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆಯಲು ಮರೆತರು. ಅರ್ಧ ಗಂಟೆಯಲ್ಲಿ ಆಗಿನ ಜೂನಿಯರ್ ಇಂಜಿನಿಯರ್ ರವಿಚಂದ್ರ ಫೋನು ಮಾಡಿ, ಕಲ್ಯಾಣ ಮಂಟಪದಲ್ಲಿ ಬೇಕಾದವರ ಮದುವೆ, ಎರಡನೇ ಪಂಕ್ತಿ ಊಟಕ್ಕೆ ಕೂತಿದೆ, ಫ್ಯಾನು ತಿರುಗುತ್ತಿಲ್ಲ, ಲೈನು ಕೊಡಿ ಎಂದರು. ಚಿಕ್ಕಮಾದಯ್ಯ ರಿಜಿಸ್ಟರು ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಲೈನು ಕೊಟ್ಟರು. ಮೂಗಯ್ಯ ಕಂಬದ ಮೇಲಿದ್ದ. ಇಲಾಖೆಯ ವರದಿಯಲ್ಲಿ ‘ಮೃತರು ಅನುಮತಿ ಪಡೆಯದೆ ಕಂಬ ಹತ್ತಿದ್ದು, ಸ್ವಂತ ಅಜಾಗರೂಕತೆಯೇ ಕಾರಣ’ ಎಂದಾಯಿತು. ಸಾಕ್ಷಿ ಎಂದು ಕೆಳಗೆ ಸಹಿ ಹಾಕಿದವರೂ ಚಿಕ್ಕಮಾದಯ್ಯನವರೇ.

ನಯನಾ ಟೈಪ್ ಮಾಡಿ ಮುಗಿಸಿದಳು. ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ಪುಸ್ತಕವನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಬೇಕು ಎಂದಷ್ಟೇ ಹೇಳಿದಳು.

ಆದರೆ ಚಿಕ್ಕಮಾದಯ್ಯನವರಿಗೆ ಪಕ್ಕದ ಮನೆಯಲ್ಲೇ ಒಬ್ಬ ಪಂಡಿತರು ಸಿಕ್ಕಿದ್ದರು. ವಸಿಷ್ಠ ಎಂದು ಹೆಸರು. ಲಕ್ಷ್ಮೀಪುರಂನಿಂದ ಇಲ್ಲಿಗೆ ಮನೆ ಮಾಡಿಕೊಂಡು ಬಂದವರು. ಅವರ ಮುತ್ತಜ್ಜ ಅರಮನೆಯ ಕಚೇರಿಯಲ್ಲಿ ಕಾಗದಪತ್ರ ಬರೆಯುತ್ತಿದ್ದರಂತೆ. ಆದ್ದರಿಂದ ಪ್ರಕಟಣೆ ಎಂಬುದು ತಮ್ಮ ರಕ್ತದಲ್ಲೇ ಇದೆ ಎಂದು ಅವರು ತಿಳಿದಿದ್ದರು. ‘ಗ್ಯಾಸ್ಟ್ರಿಕ್‌ಗೆ ಇಪ್ಪತ್ತೊಂದು ಕಷಾಯ’ದಿಂದ ಹಿಡಿದು ಹದಿನಾಲ್ಕು ಇ-ಪುಸ್ತಕಗಳನ್ನು ತಾವೇ ಬರೆದು ತಾವೇ ಹೊರತಂದಿದ್ದರು. ಓದಿದವರು ಯಾರೆಂದು ಕೇಳುವುದು ಅಸಭ್ಯತೆ.

“ನೋಡಿ ಚಿಕ್ಕಮಾದಯ್ಯನವ್ರೇ, ಲೇಖಕನ ಜೀವನದಲ್ಲಿ ಮದುವೆಗಿಂತ ದೊಡ್ಡ ತೀರ್ಮಾನ ಇದು,” ಎಂದು ವಸಿಷ್ಠರು ಲ್ಯಾಪ್‌ಟಾಪ್ ತೆರೆದರು. “ಎಕ್ಸ್‌ಕ್ಲೂಸಿವಾ, ವೈಡಾ?”

ಎಕ್ಸ್‌ಕ್ಲೂಸಿವ್ ಎಂದರೆ ‘ಪರ್ಣಿಕಾ’ ಎಂಬ ಒಂದೇ ಕಂಪನಿಯ ಅಂಗಡಿಯಲ್ಲಿ ಪುಸ್ತಕ ಇರುತ್ತದೆ. ತೊಂಬತ್ತು ದಿನ ಅದರ ಒಂದು ಸಾಲು ಕೂಡ ಬೇರೆ ಅಂಗಡಿಯಲ್ಲಾಗಲಿ, ವಾಟ್ಸಾಪಿನಲ್ಲಾಗಲಿ, ನೆಂಟರ ಫೋನಿನಲ್ಲಾಗಲಿ ಕಾಣಿಸಿಕೊಳ್ಳಬಾರದು. ಅದಕ್ಕೆ ಪ್ರತಿಯಾಗಿ ಮುಖಪುಟದ ಮೂಲೆಗೆ ಒಂದು ನೀಲಿ ರಿಬ್ಬನ್ನು ಹಚ್ಚುತ್ತಾರೆ. ವೈಡ್ ಎಂದರೆ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಯಾರಿಗೆ ಬೇಕಾದರೂ ಕಳಿಸಬಹುದು, ರಿಬ್ಬನ್ನಿಲ್ಲ.

ಚಿಕ್ಕಮಾದಯ್ಯನವರಿಗೆ ಎಕ್ಸ್‌ಕ್ಲೂಸಿವ್ ಎಂಬ ಪದದ ಪರಿಚಯ ಮೊದಲೇ ಇತ್ತು. ಅರಸು ರಸ್ತೆಯ ರೇಷ್ಮೆ ಸೀರೆ ಅಂಗಡಿಯ ಮೇಲೆ ಅದನ್ನು ಬಂಗಾರದ ಅಕ್ಷರದಲ್ಲಿ ಬರೆದಿದ್ದಾರೆ. ಅಂಥ ಅಂಗಡಿಯೊಳಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ, ಹೊರಗೆ ಕಂಬದ ಮೇಲೆ ನಿಂತು ಬಲ್ಬು ಹಾಕಿದ್ದುಂಟು. ಇದು ಒಂದು ಕಾರಣ. ಇನ್ನೊಂದು ಕಾರಣ, ಒಂದೇ ಅಂಗಡಿಯಲ್ಲಿದ್ದರೆ ಮೂರನೇ ಅಧ್ಯಾಯದ ಬಳಿಗೆ ಹೆಚ್ಚು ಜನ ಸುಳಿಯುವುದಿಲ್ಲ ಎಂಬುದು. ಮೊದಲನೆಯದನ್ನು ಅವರು ವಸಿಷ್ಠರಿಗೂ ಮಗಳಿಗೂ ಬಿಡಿಸಿ ಹೇಳಿದರು. ಎರಡನೆಯದನ್ನು ಹೇಳಲಿಲ್ಲ. ಎಕ್ಸ್‌ಕ್ಲೂಸಿವ್ ಎಂಬಲ್ಲಿ ಒತ್ತಿಬಿಟ್ಟರು.

ಮರುವಾರ ಗೇಟಿನ ಮೇಲೆ ಬೋರ್ಡು ಬಂತು: ‘ಚಿಕ್ಕಮಾದಯ್ಯ, ಎಕ್ಸ್‌ಕ್ಲೂಸಿವ್ ಲೇಖಕರು.’ ಬೀದಿಗೆ ಇದರಿಂದ ಸ್ವಲ್ಪ ಗೊಂದಲವಾಯಿತು. ಒಬ್ಬರು ಛಾಪಾ ಕಾಗದ ಹಿಡಿದು ಬಂದು, ತಮ್ಮ ಸೈಟಿನ ಕ್ರಯಪತ್ರ ಬರೆದುಕೊಡಿ ಎಂದು ಕೂತರು. ಇವರು ಆ ಬಗೆಯ ಲೇಖಕರಲ್ಲ ಎಂದು ತಿಳಿಸುವುದಕ್ಕೆ ಎರಡು ಲೋಟ ಕಾಫಿ ಖರ್ಚಾಯಿತು. ಇನ್ನೊಬ್ಬ ಹೆಂಗಸು ರವಿಕೆ ಬಟ್ಟೆ ತಂದಿದ್ದಳು. ಏನೂ ತರದೆ, ಬರೀ ಪುಸ್ತಕಕ್ಕಾಗಿ ಬಂದವರು ಒಬ್ಬರೇ. ಸಾಕಮ್ಮ, ಮೂಗಯ್ಯನ ಹೆಂಡತಿ.

ಸಾಕಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಗಂಡನ ಮೇಲೆ ಪುಸ್ತಕ ಬಂದಿದೆ ಎಂದು ಯಾರೋ ಹಳೆಯ ಲೈನ್‌ಮನ್ ಹೇಳಿದ್ದ. ನಾಲ್ಕಕ್ಷರ ಕೂಡಿಸಿ ಓದಲು ತಮಗೂ ಬರುತ್ತದೆ, ಫೋನಿಗೆ ಕಳಿಸಿಕೊಡಿ ಎಂದು ಕೇಳಿದರು. ಚಿಕ್ಕಮಾದಯ್ಯ ಕಂಪನಿಯ ನಿಯಮವನ್ನು ವಿವರಿಸಿದರು: ಒಂದು ಸಾಲು ಕಳಿಸಿದರೂ ಶಿಕ್ಷೆ, ತೊಂಬತ್ತು ದಿನ ಕೈ ಕಟ್ಟಿದೆ. ನಿಯಮವನ್ನು ಅಷ್ಟು ಭಕ್ತಿಯಿಂದ ಅವರು ನೌಕರಿಯಲ್ಲಿದ್ದಾಗಲೂ ಹೇಳಿರಲಿಲ್ಲ. ಸಾಕಮ್ಮ ಹಾಗಾದರೆ ಆ ಅಂಗಡಿ ಎಲ್ಲಿದೆ ಹೇಳಿ, ಅಲ್ಲೇ ಹೋಗುತ್ತೇನೆ ಎಂದರು. ಅಂಗಡಿ ಕಂಪ್ಯೂಟರಿನೊಳಗಿದೆ ಎಂಬುದನ್ನು ಚಿಕ್ಕಮಾದಯ್ಯ ಸರಿಯಾಗಿ ಹೇಳಲಿಲ್ಲವೋ, ಅವರಿಗೆ ಸರಿಯಾಗಿ ಕೇಳಿಸಲಿಲ್ಲವೋ. ಮುಂದಿನ ಭಾನುವಾರ ಸಾಕಮ್ಮ ಅರಸು ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಅಂಗಡಿ ಅಂಗಡಿಯಲ್ಲಿ ಪರ್ಣಿಕಾ ಎಲ್ಲಿ ಎಂದು ವಿಚಾರಿಸುತ್ತ ನಡೆದರು. ಒಬ್ಬರು ಅದು ಮೇಲಿನ ಮಹಡಿಯ ಬ್ಯೂಟಿಪಾರ್ಲರ್ ಎಂದು ಕಳಿಸಿದರಂತೆ. ಅಲ್ಲಿ ಅವರನ್ನು ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿದ ಮೇಲೆಯೇ ತಪ್ಪು ತಿಳಿದದ್ದು.

ಇಷ್ಟರಲ್ಲಿ ಪುಸ್ತಕದ ಸುದ್ದಿ ಇಲಾಖೆಗೂ ಮುಟ್ಟಿತು. ಜೂನಿಯರ್ ಇಂಜಿನಿಯರ್ ಆಗಿದ್ದ ರವಿಚಂದ್ರ ಈಗ ದೊಡ್ಡ ಸಾಹೇಬರು. ಅವರ ಕಚೇರಿಯಿಂದ, ಇಲಾಖೆಗೆ ಸಂಬಂಧಿಸಿದ ಗ್ರಂಥವನ್ನು ಪ್ರಕಟಿಸಿರುವುದು ತಿಳಿದುಬಂದಿದ್ದು ಅದರ ಎರಡು ಪ್ರತಿಗಳನ್ನು ಖುದ್ದಾಗಿ ಸಲ್ಲಿಸತಕ್ಕದ್ದು ಎಂದು ಪತ್ರ ಬಂತು. ವಸಿಷ್ಠರ ಸಲಹೆಯಂತೆ ಚಿಕ್ಕಮಾದಯ್ಯ, ಕರಾರಿನ ಪ್ರಕಾರ ಪ್ರತಿ ಕೊಡಲು ಅವಕಾಶವಿಲ್ಲ, ಅಂಗಡಿಯಲ್ಲಿ ಪಡೆಯತಕ್ಕದ್ದು ಎಂದು ಉತ್ತರ ಬರೆದರು. ಸರ್ಕಾರಿ ಪತ್ರಕ್ಕೆ ‘ತಕ್ಕದ್ದು’ ಎಂದು ಉತ್ತರಿಸಿದ ಸುಖ ಅವರಿಗೆ ಒಂದು ವಾರ ಸಾಲುವಷ್ಟಿತ್ತು.

ಕಚೇರಿಯಲ್ಲಿ ಕಡತ ಎದ್ದಿತು. ಉಗ್ರಾಣ ವಿಭಾಗದವರು, ತೂಕವೂ ಪುಟವೂ ಇಲ್ಲದ ವಸ್ತುವನ್ನು ದಾಸ್ತಾನು ಪುಸ್ತಕಕ್ಕೆ ಏರಿಸಲು ಬರುವುದಿಲ್ಲ ಎಂದರು. ಲೇಖನ ಸಾಮಗ್ರಿ ವಿಭಾಗದವರು ಇದು ಕಂಪ್ಯೂಟರ್‌ನವರದ್ದು ಎಂದರು. ಕಂಪ್ಯೂಟರ್‌ನವರು, ಓದುವುದು ತಮ್ಮ ಕೆಲಸವಲ್ಲ ಎಂದು ಬರೆದು ಕಡತವನ್ನು ವಾಪಸು ಮಾಡಿದರು. ಕೊನೆಗೆ ಶಾಲಿನಿ ಎಂಬ ಗುಮಾಸ್ತೆ ಬೇಸತ್ತು ತನ್ನ ಫೋನಿಗೇ ತರಿಸಿಕೊಂಡು, ಸಾಹೇಬರ ಕೋಣೆಯಲ್ಲಿ ನಿಂತು ಮೂರನೇ ಅಧ್ಯಾಯವನ್ನು ಓದಿ ಹೇಳಿದಳು. ಸಾಹೇಬರು ನಡುವೆ ಒಮ್ಮೆ ಎದ್ದು ಫ್ಯಾನು ಜೋರು ಮಾಡಿಕೊಂಡರಂತೆ.

ಮಾರನೆಯ ದಿನ ಬೆಳಿಗ್ಗೆ ಸರ್ಕಾರಿ ಜೀಪು ರಾಮಕೃಷ್ಣನಗರಕ್ಕೆ ಬಂತು. ಬೀದಿಯವರು ಬಾಗಿಲಿಗೆ ಬಂದು ನಿಂತರು. ಲೇಖಕರನ್ನು ಹಿಡಿದುಕೊಂಡು ಹೋಗುವ ದೃಶ್ಯವನ್ನು ಅವರು ಪತ್ರಿಕೆಯಲ್ಲಿ ಮಾತ್ರ ಓದಿದ್ದರು. ಆದರೆ ರವಿಚಂದ್ರ ಕೈಯಲ್ಲಿ ಮೈಸೂರುಪಾಕಿನ ಡಬ್ಬಿ ಹಿಡಿದು ನಗುತ್ತ ಇಳಿದರು. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈ ಮುಗಿದು ಕೂತು, ಇದುವರೆಗೆ ಎಷ್ಟು ಜನ ಕೊಂಡಿದ್ದಾರೆ ಎಂದು ವಿಚಾರಿಸಿದರು. ನಾಲ್ಕು ಜನ ಎಂದರು ಚಿಕ್ಕಮಾದಯ್ಯ. ಮಗಳು ಒಂದು, ವಸಿಷ್ಠರು ಒಂದು, ನಿಮ್ಮ ಆಫೀಸು ಒಂದು, ಇನ್ನೊಬ್ಬರು ಯಾರೋ ಗೊತ್ತಿಲ್ಲ. ವಸಿಷ್ಠರು ಪುಸ್ತಕ ತೆರೆಯದೆಯೇ ಐದು ನಕ್ಷತ್ರ ಕೊಟ್ಟಿದ್ದರು.

“ಬಹಳ ಒಳ್ಳೆ ತೀರ್ಮಾನ ಮಾಡಿದ್ದೀರಿ ಚಿಕ್ಕಮಾದಯ್ಯ,” ಎಂದರು ಸಾಹೇಬರು. “ಎಕ್ಸ್‌ಕ್ಲೂಸಿವ್ ಆಗೇ ಇರ್ಲಿ. ತೊಂಬತ್ತು ದಿನ ಮುಗಿದ ಮೇಲೂ ಮುಂದುವರಿಸಿ. ಎಲ್ಲರಿಗೂ ಸಿಕ್ಕಿದ್ರೆ ಬೆಲೆ ಇರಲ್ಲ.”

“ಸಾರ್, ಆವತ್ತು ಫೋನು ನೀವೇ...”

“ಯಾವತ್ತು?” ಎಂದರು ರವಿಚಂದ್ರ, ಬಹಳ ಮೆತ್ತಗೆ. ಮೈಸೂರುಪಾಕಿನ ಡಬ್ಬಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು.

ಮೂವತ್ತನಾಲ್ಕು ವರ್ಷದಲ್ಲಿ ಸಾಹೇಬರೊಬ್ಬರು ಚಿಕ್ಕಮಾದಯ್ಯನವರನ್ನು ಹೊಗಳಿದ್ದು ಅದೇ ಮೊದಲು. ಹೊಗಳಿಕೆ ಅಷ್ಟಕ್ಕೇ ನಿಲ್ಲಲಿಲ್ಲ. ಇಲಾಖೆಯ ಸುರಕ್ಷತಾ ಸಪ್ತಾಹದಲ್ಲಿ ಸನ್ಮಾನ ಎಂದು ಆಹ್ವಾನ ಪತ್ರವೂ ಬಂತು.

ಸುರಕ್ಷತಾ ಸಪ್ತಾಹ ವರ್ಷಕ್ಕೊಮ್ಮೆ ನಡೆಯುತ್ತದೆ. ಹೊಸದಾಗಿ ಸೇರಿದ ಲೈನ್‌ಮನ್‌ಗಳನ್ನು ಕೂರಿಸಿ, ವೇದಿಕೆಯ ಹಿಂದೆ ಒಂದು ದೊಡ್ಡ ಬ್ಯಾನರು ಕಟ್ಟುತ್ತಾರೆ. ಅದರ ಮೇಲೆ ಮೂಗಯ್ಯನ ಫೋಟೋ. ಮದುವೆಯಲ್ಲಿ ತೆಗೆಸಿದ್ದು, ಕೊರಳಲ್ಲಿ ಹಾರವಿದೆ. ಕೆಳಗೆ, ‘ಅಜಾಗರೂಕತೆ ಪ್ರಾಣಕ್ಕೆ ಅಪಾಯ. ಇವರಂತೆ ಮಾಡದಿರಿ.’ ಹತ್ತೊಂಬತ್ತು ವರ್ಷದಿಂದ ಅದೇ ಫೋಟೋ. ಜಿಲ್ಲೆಯ ಪ್ರತಿಯೊಂದು ಉಪವಿಭಾಗಕ್ಕೂ, ಪ್ರತಿ ಸಬ್‌ಸ್ಟೇಷನ್ನಿನ ಗೋಡೆಗೂ ಅದರ ಒಂದೊಂದು ಪ್ರತಿ ಹೋಗಿದೆ. ಮೃತರ ಕುಟುಂಬವನ್ನು ಗೌರವದಿಂದ ಕರೆದು, ಮೊದಲ ಸಾಲಿನಲ್ಲಿ ಕೂರಿಸಿ, ಹಣ್ಣಿನ ಬುಟ್ಟಿ ಕೊಡುವ ಪದ್ಧತಿಯೂ ಇದೆ. ಸಾಕಮ್ಮ ಮೊದಲೆರಡು ವರ್ಷ ಹೋಗಿ ಆಮೇಲೆ ಬಿಟ್ಟಿದ್ದರು. ಈ ಸಲ ಪುಸ್ತಕದವರು ಬರುತ್ತಾರೆ ಎಂದು ಕೇಳಿ ಬಂದರು.

ಚಿಕ್ಕಮಾದಯ್ಯನವರಿಗೆ ಮೂಗಯ್ಯನ ಫೋಟೋದ ಕೆಳಗೆ ಕುರ್ಚಿ ಹಾಕಿದ್ದರು. ಶಾಲು ಹೊದಿಸಿದರು. ಪೇಟ ಸ್ವಲ್ಪ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯುತ್ತಿತ್ತು. ಮುಂದಿನ ಸಾಲು ಕಾಣದಿರಲು ಅದು ಅನುಕೂಲವೇ ಆಯಿತು. ಆದರೆ ಕಿವಿ ಹೊರಗಿತ್ತು. ಸಾಕಮ್ಮ ಎದ್ದು ನಿಂತು, ತಮ್ಮ ಯಜಮಾನರ ಬಗ್ಗೆ ಬರೆದದ್ದನ್ನು ಇಲ್ಲೇ ಒಂದು ಸಲ ಓದಿ ಎಂದು ಕೇಳಿದರು. ಹೊಸ ಲೈನ್‌ಮನ್‌ಗಳು ಚಪ್ಪಾಳೆ ತಟ್ಟಿದರು. ರವಿಚಂದ್ರ ತಕ್ಷಣ ಮೈಕು ತೆಗೆದುಕೊಂಡು, ಲೇಖಕರು ಎಕ್ಸ್‌ಕ್ಲೂಸಿವ್ ಕರಾರಿಗೆ ಒಳಪಟ್ಟಿರುವುದರಿಂದ ಕಾನೂನು ಪ್ರಕಾರ ಓದುವಂತಿಲ್ಲ, ಲೇಖಕರ ಹಕ್ಕನ್ನು ಎಲ್ಲರೂ ಗೌರವಿಸಬೇಕು ಎಂದು ವಿನಂತಿಸಿಕೊಂಡರು. ಎಲ್ಲರೂ ಗೌರವಿಸಿದರು. ಸಾಕಮ್ಮ ಹಣ್ಣಿನ ಬುಟ್ಟಿಯನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು.

ಮರುದಿನ ಹತ್ತು ಗಂಟೆಗೆ ಅವರು ಚಿಕ್ಕಮಾದಯ್ಯನವರ ಮನೆ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಕಾಫಿ ಮುಟ್ಟಲಿಲ್ಲ. ನಯನಾ ಕೆಲಸಕ್ಕೆ ಹೊರಟವಳು ಬ್ಯಾಗು ಇಳಿಸಿ, ಲೆಡ್ಜರ್ ಪುಸ್ತಕ ತಂದು ಅಪ್ಪನ ಕೈಗೆ ಕೊಟ್ಟಳು. ಕಾಂಪೌಂಡಿನ ಆಚೆಯಿಂದ ವಸಿಷ್ಠರು, ಬಾಯಲ್ಲಿ ಓದಿದರೆ ಕರಾರು ಮುರಿಯುವುದಿಲ್ಲ, ಯಾರೂ ರೆಕಾರ್ಡ್ ಮಾಡಿಕೊಳ್ಳಬಾರದು ಅಷ್ಟೇ ಎಂದು ತೀರ್ಪು ಕೊಟ್ಟರು.

ಚಿಕ್ಕಮಾದಯ್ಯ ಓದಿದರು. ಮೂಗಯ್ಯ ಬೆಳಿಗ್ಗೆ ಯಾವ ಹೋಟೆಲಿನಲ್ಲಿ ಇಡ್ಲಿ ತಿಂದ, ಸೈಕಲ್ಲು ಎಲ್ಲಿ ನಿಲ್ಲಿಸಿದ ಎಂಬಲ್ಲಿಂದ ಶುರುವಾಗಿ ರವಿಚಂದ್ರರ ಫೋನಿನವರೆಗೆ ದನಿ ಸರಿಯಾಗಿಯೇ ಇತ್ತು. ಅಲ್ಲಿಂದ ಮುಂದೆ ಸಣ್ಣದಾಯಿತು. ಸಾಕಮ್ಮ ಇನ್ನೊಂದು ಸಲ ಓದಿ ಎಂದರು. ಇನ್ನೊಂದು ಸಲ ಓದಿದರು.

“ಫ್ಯಾನು ತಿರುಗ್ಲಿ ಅಂತಾನಾ?” ಎಂದು ಕೇಳಿದರು ಸಾಕಮ್ಮ.

“ಹೂಂ ಕಣಮ್ಮ.”

“ಎರಡನೇ ಪಂಕ್ತಿಗೆ.”

ಚಿಕ್ಕಮಾದಯ್ಯ ಪುಸ್ತಕ ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು. ಕಾಲು ಹಿಡಿಯಲು ಬಗ್ಗಿದಾಗ ಸಾಕಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರು.

“ಅದೆಲ್ಲ ಬುಡಿ. ಎಂಗೆ ಇದ ಒಂದೇ ಅಂಗ್ಡೀಲಿ ಮಡಗುದ್ರಿ ನೀವು? ಅವ್ರು ಸುಳ್ಳ ಊರೂರ್ಗೂ ಹಂಚವ್ರೆ. ವರ್ಸ ವರ್ಸ ಹಂಚ್ತಾವ್ರೆ, ನಿನ್ನೆ ನನ್ನೇ ಕೂರ್ಸ್ಕಂಡು ಹಂಚುದ್ರು. ನೀವು ನಿಜ ಬರ್ದು ಬೀಗ ಹಾಕ್ಬುಟ್ರಿ.”

ಅಷ್ಟು ಹೇಳಿ ಎದ್ದು ಸೆರಗು ಕೊಡವಿ ಹೊರಟುಹೋದರು. ಹಾಸ್ಟೆಲಿನಲ್ಲಿ ಮಧ್ಯಾಹ್ನದ ಸಾರು ಕುದಿಸುವ ಹೊತ್ತಾಗಿತ್ತು.

ಚಿಕ್ಕಮಾದಯ್ಯ ಮಗಳ ಕಡೆ ತಿರುಗಿ, ವೈಡ್ ಎಂಬುದು ಎಲ್ಲಿ ಒತ್ತಬೇಕು ಎಂದು ಕೇಳಿದರು. ತೊಂಬತ್ತು ದಿನ ಮುಗಿಯದೆ ಒತ್ತಲು ಅಲ್ಲಿ ಜಾಗವೇ ಇರಲಿಲ್ಲ. ವಸಿಷ್ಠರು ಕಾಂಪೌಂಡು ಬಳಸಿಕೊಂಡು ಓಡಿಬಂದು, ಇನ್ನು ಐವತ್ತೊಂದು ದಿನ ತಡೆದುಕೊಳ್ಳಿ, ಕಂಪನಿಯ ಬ್ಲಾಕ್‌ಲಿಸ್ಟು ಎಂದರೆ ಲೇಖಕನ ಮರಣ ಎಂದು ಬೇಡಿಕೊಂಡರು. ಚಿಕ್ಕಮಾದಯ್ಯ ಅವರ ಎದುರಿಗೇ ಮೂರನೇ ಅಧ್ಯಾಯವನ್ನು ನಿವೃತ್ತ ಲೈನ್‌ಮನ್‌ಗಳ ಗ್ರೂಪಿಗೆ, ನೌಕರರ ಸಂಘದ ಗ್ರೂಪಿಗೆ, ಬಡಾವಣೆಯ ನೀರಿನ ಸಮಸ್ಯೆಯ ಗ್ರೂಪಿಗೆ, ತಾವು ಸದಸ್ಯರಾಗಿದ್ದ ಇನ್ನೆಲ್ಲದಕ್ಕೂ ಕಳಿಸಿದರು. ನಯನಾ ಇಡೀ ಪುಸ್ತಕವನ್ನು ಬೇರೆ ಮೂರು ಅಂಗಡಿಗೆ ಏರಿಸಿದಳು.

ಆರನೆಯ ದಿನ ಪರ್ಣಿಕಾದಿಂದ ಪತ್ರ ಬಂತು. ಲೇಖಕರು ನಿಷ್ಠೆ ಮುರಿದಿದ್ದಾರೆ, ಪುಸ್ತಕ ತೆಗೆದುಹಾಕಿದೆ, ಇನ್ನು ಮುಂದೆ ಈ ಹೆಸರಿನವರು ಜೀವಮಾನದಲ್ಲಿ ಇಲ್ಲಿ ಪ್ರಕಟಿಸುವಂತಿಲ್ಲ. ತಪ್ಪಿಗೆ ಶಿಕ್ಷೆ ಎಂಬುದು ಚಿಕ್ಕಮಾದಯ್ಯನವರಿಗೆ ಬದುಕಿನಲ್ಲಿ ಸಿಕ್ಕಿದ್ದು ಆಗಲೇ, ಅದೂ ಬೇರೆ ತಪ್ಪಿಗೆ. ವಸಿಷ್ಠರು ಅದೇ ಸಂಜೆ, ತಮಗೂ ಪಕ್ಕದ ಮನೆಯವರಿಗೂ ಯಾವ ಸಾಹಿತ್ಯಿಕ ಸಂಬಂಧವೂ ಇಲ್ಲ ಎಂದು ಕಂಪನಿಗೆ ಬರೆದುಕೊಂಡರು.

ವೈಡ್ ಆದ ಮೇಲೆ ಪುಸ್ತಕದ ಗತಿ ಹೀಗಾಯಿತು. ಲೈನ್‌ಮನ್‌ಗಳ ಗ್ರೂಪಿನಲ್ಲಿ ಹನ್ನೊಂದು ಜನ ಕೈ ಮುಗಿದರು, ನಾಲ್ವರು ಹೆಬ್ಬೆರಳು ಎತ್ತಿದರು. ಹದಿನಾರನೆಯವನು ಶುಭೋದಯ ಎಂದು ಗುಲಾಬಿ ಹೂವು ಕಳಿಸಿದ ಮೇಲೆ ಎಲ್ಲರೂ ಗುಲಾಬಿಗೆ ತಿರುಗಿಕೊಂಡರು. ನೀರಿನ ಗ್ರೂಪಿನಲ್ಲಿ, ಇದು ನೀರಿಗೆ ಸಂಬಂಧಪಟ್ಟದ್ದಲ್ಲ ಎಂದು ಒಬ್ಬರು ಎಚ್ಚರಿಸಿದರು. ಎಲ್ಲಾ ಅಂಗಡಿಗೂ ಹೋದ ಪುಸ್ತಕ ಎಲ್ಲಾ ಅಂಗಡಿಯಲ್ಲೂ ಸುಮ್ಮನೆ ಇತ್ತು.

ಚಿಕ್ಕಮಾದಯ್ಯ ಇಲಾಖೆಗೆ ತಮ್ಮ ಕೈಯಾರೆ ಬರೆದರು: ಅನುಮತಿ ಕೊಟ್ಟವನು ನಾನು, ಲೈನು ಕೊಟ್ಟವನು ನಾನು, ಸುಳ್ಳು ಸಹಿ ಹಾಕಿದವನು ನಾನು. ವಿಚಾರಣೆ ಮಾಡಿ, ಮೂಗಯ್ಯನ ಫೋಟೋ ಇಳಿಸಿ. ತಿಂಗಳ ಮೇಲೆ ಉತ್ತರ ಬಂತು. ಸದರಿ ವರ್ಷದ ರಿಜಿಸ್ಟರನ್ನು ನಿಯಮಾನುಸಾರ ನಾಶಪಡಿಸಲಾಗಿದೆ. ದಾಖಲೆ ಇಲ್ಲದ ಕಾರಣ ಸದರಿ ದಿನ ಲೈನು ಕೊಡಲಾಗಿತ್ತು ಎಂಬುದಕ್ಕೇ ಆಧಾರವಿಲ್ಲ. ಆದುದರಿಂದ ತಮ್ಮನ್ನು ತಪ್ಪಿತಸ್ಥರೆಂದು ಪರಿಗಣಿಸಲು ಅವಕಾಶವಿರುವುದಿಲ್ಲ ಎಂದು ತಿಳಿಯಪಡಿಸಲಾಗಿದೆ. ಕೆಳಗೆ ರವಿಚಂದ್ರರ ಸಹಿ. ಅದನ್ನು ಹಿಡಿದು ಪೊಲೀಸ್ ಠಾಣೆಗೆ ಹೋದರು. ಸಬ್ ಇನ್‌ಸ್ಪೆಕ್ಟರ್ ಪತ್ರ ಓದಿ, ಇದರಲ್ಲಿ ನಿಮ್ಮ ತಪ್ಪಿಲ್ಲ ಎಂದು ಇಲಾಖೆಯೇ ಬರೆದುಕೊಟ್ಟಿದೆಯಲ್ಲ ಸ್ವಾಮಿ ಎಂದು ಅಭಿನಂದಿಸಿ, ಟೀ ಕುಡಿಸಿ, ಬಿಸಿಲಿಗೆ ಟೋಪಿ ಹಾಕಿಕೊಂಡು ಹೋಗಿ ಎಂದರು.

ಈ ವಿಷಯ ಹೇಳಲು ಅವರು ಸಾಕಮ್ಮನ ಮನೆಗೆ ಹೋದಾಗ ಸಾಕಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಎಲ್ಲ ಕೇಳಿ, ಆ ಕಾಗದದ ಪುಸ್ತಕ ಒಂದು ದಿನದ ಮಟ್ಟಿಗೆ ಬೇಕು ಎಂದರು. ಚಿಕ್ಕಮಾದಯ್ಯ ತಂದುಕೊಟ್ಟರು. ಮರುದಿನ ಸಂಜೆ ಲೆಡ್ಜರು ಗೇಟಿನೊಳಗೆ ಮರಳಿ ಬಂದಿತ್ತು. ಕೊಟ್ಟು ಹೋದವರನ್ನು ಯಾರೂ ನೋಡಲಿಲ್ಲ.

ಅದಾದ ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಸಾಕಮ್ಮ ಕೈಯಲ್ಲಿ ದಪ್ಪನೆಯ ಚೀಲ ಹಿಡಿದು ರಾಮಕೃಷ್ಣನಗರದ ಮೊದಲನೇ ಅಡ್ಡರಸ್ತೆಗೆ ಬಂದರು. ಚೀಲದಲ್ಲಿ ಮೂರನೇ ಅಧ್ಯಾಯದ ಜೆರಾಕ್ಸು, ಚಿಕ್ಕಮಾದಯ್ಯನವರ ಸೊಟ್ಟ ಅಕ್ಷರದಲ್ಲೇ, ಏಳೇಳು ಹಾಳೆ ಪಿನ್ನು ಹೊಡೆದದ್ದು. ಮೂಗಯ್ಯ ಫ್ಯೂಸು ಹಾಕಲು ಬರುತ್ತಿದ್ದ ಬೀದಿಗಳನ್ನೇ ಹಿಡಿದು, ಒಂದೊಂದು ಮನೆಯ ಬೆಲ್ಲು ಒತ್ತಿ, ಬಾಗಿಲು ತೆಗೆದವರ ಕೈಗೆ ಒಂದು ಪ್ರತಿ ಕೊಟ್ಟು, ಓದಿ ಎಂದು ಹೇಳಿ ಮುಂದಿನ ಗೇಟಿಗೆ ಹೋಗುತ್ತಿದ್ದರು. ಯಾವುದೋ ದೇವಸ್ಥಾನದ ಚಂದಾ ಎಂದುಕೊಂಡು ಕೆಲವರು ಚಿಲ್ಲರೆ ತಂದರು. ಸಾಕಮ್ಮ ಬೇಡ ಎಂದರು. ವಸಿಷ್ಠರು ಕಿಟಕಿಯಿಂದ ನೋಡಿ ಬಾಗಿಲು ತೆಗೆಯಲಿಲ್ಲ. ಅವರ ಪ್ರತಿ ಬಾಗಿಲ ಕೆಳಗಿನಿಂದ ಒಳಗೆ ಹೋಯಿತು.

ಹನ್ನೊಂದು ಗಂಟೆಗೆ ಚಿಕ್ಕಮಾದಯ್ಯನವರ ಗೇಟಿನ ಬೆಲ್ಲು ಸದ್ದಾಯಿತು. ಅವರೇ ಬಂದು ತೆಗೆದರು. ಸಾಕಮ್ಮ ಅವರ ಮುಖವನ್ನು, ಬೆಳಗಿನಿಂದ ನೋಡಿದ ಉಳಿದ ಮುಖಗಳನ್ನು ನೋಡಿದಷ್ಟೇ ನೋಡಿ, ಒಂದು ಪ್ರತಿ ಮುಂದೆ ಹಿಡಿದರು.

“ಓದಿ,” ಎಂದರು.

ಚಿಕ್ಕಮಾದಯ್ಯ ಎರಡೂ ಕೈಯಲ್ಲಿ ತೆಗೆದುಕೊಂಡರು. ಸಾಕಮ್ಮ ಚೀಲದಿಂದ ಇನ್ನೊಂದನ್ನು ತೆಗೆದು ಅದರ ಮೇಲಿಟ್ಟರು.

“ಮ್ಯಾಲೆ ಬಾಡ್ಗೇಗೆ ಅವ್ರಲ್ಲ, ಅವ್ರಿಗೊಂದು. ನಂಗೆ ಮೆಟ್ಲು ಅತ್ತಕ್ಕಾಗಕಿಲ್ಲ.”

ಮಹಡಿಯಲ್ಲಿ ಬಾಡಿಗೆಗೆ ಇದ್ದವರು ಮಾಲವಿಕಾ ಎಂಬ ಶಾಲೆಯ ಟೀಚರು. ಚಿಕ್ಕಮಾದಯ್ಯ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು. ಟೀಚರು ಒದ್ದೆ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡು, ಅಲ್ಲೇ ನಿಂತು ಮೊದಲ ಪುಟದ ನಾಲ್ಕು ಸಾಲು ಓದಿದರು. ಅಕ್ಷರದ ಗುರುತು ಸಿಕ್ಕಿತು; ಬಾಡಿಗೆ ರಸೀದಿಯಲ್ಲಿ ತಿಂಗಳಿಗೊಮ್ಮೆ ನೋಡುತ್ತಿದ್ದದ್ದೇ.

“ನೀವೇ ಬರ್ದಿದ್ದಾ ಸಾರ್?” ಎಂದು ಖುಷಿಯಿಂದ ಕೇಳಿದರು.

“ನಾನೇ ಮಾಡಿದ್ದು ಕಣಮ್ಮ,” ಎಂದರು ಚಿಕ್ಕಮಾದಯ್ಯ.